ಗುಡ್ಡಗಾಡಿನಲ್ಲಿ ಬೈಸಿಕಲ್ ಸಂಚಾರ: ದಾರಿಯನ್ನು ಗೊತ್ತುಮಾಡುವ ಬಗೆ



ಬೈಸಿಕಲ್ಲನ್ನು ಹತ್ತಲು ಬಾರದವರು ನಮ್ಮ ಪಟ್ಟಣಗಳಲ್ಲಿ ಅಪರೂಪ. ಆದರೆ ಅದನ್ನು ಹತ್ತಿ, ಪಟ್ಟಣದ ಎಲ್ಲೆಯನ್ನು ದಾಟಿ, ಬೆಟ್ಟಗುಡ್ಡಗಳ ನಡುವಣ ಓಣಿಗಳಲ್ಲಿಯೂ ಗರಸಿನ ಹಾದಿಗಳಲ್ಲಿಯೂ ಒಂದೆರಡು ದಿನಗಳನ್ನು ಕಳೆದುಬಂದವರು ಬಹಳ ಮಂದಿಯಿಲ್ಲ. ಹೋಗಬೇಕೆಂಬ ಆಸೆ ಅನೇಕರಿಗೆ ಉಂಟು. ಹೋದವರಲ್ಲಿಯೂ ಕೆಲವರು ಒಂದೇ ಸಲ ಹೋಗಿ, ಮೈಕೈ ನೋಯಿಸಿಕೊಂಡು ಬಂದು, ‘ಇನ್ನು ಸಾಕು’ ಎಂದು ಬೈಸಿಕಲ್ಲನ್ನು ಗೋಡೆಗೆ ಒರಗಿಸಿಬಿಡುತ್ತಾರೆ. ಅವರು ದೂರುವುದು ಬೆಟ್ಟವನ್ನು. ವಿಚಾರಿಸಿ ನೋಡಿದರೆ ತಪ್ಪು ಬಹುಮಟ್ಟಿಗೆ ಹೊರಡುವುದಕ್ಕೆ ಮುಂಚೆಯೇ, ಮನೆಯ ಮೇಜಿನ ಮೇಲೆ, ನಕಾಶೆಯ ಮುಂದೆ ನಡೆದಿರುತ್ತದೆ. ಈ ಮಾತನ್ನು ಹೇಳುವುದಕ್ಕೆ ನನಗಿರುವ ಅರ್ಹತೆ ಒಂದೇ: ಆ ತಪ್ಪನ್ನು ನಾನೂ ಮಾಡಿದ್ದೇನೆ. ಅದನ್ನು ಮೊದಲು ನಿವೇದಿಸಿ, ಆಮೇಲೆ ಅದರಿಂದ ಕಲಿತುದನ್ನು ತಿಳಿಸುತ್ತೇನೆ.

ಕೆಲವು ವರ್ಷಗಳ ಹಿಂದೆ, ಡಿಸೆಂಬರ್ ತಿಂಗಳ ಒಂದು ಶನಿವಾರ, ನಾನೂ ನನ್ನ ಸ್ನೇಹಿತರೊಬ್ಬರೂ ಮೈಸೂರಿನಿಂದ ಮೇಲುಕೋಟೆಗೆ ಬೈಸಿಕಲ್ಲಿನ ಮೇಲೆ ಹೋಗುವುದೆಂದು ನಿಶ್ಚಯಿಸಿದೆವು. ಆಗ ಹದಿಮೂರು ವರ್ಷದವನಾಗಿದ್ದ ನನ್ನ ಸೋದರಳಿಯನು ತಾನೂ ಬರುವೆನೆಂದು ಹಟ ಹಿಡಿದನು. ಅಕ್ಕನು ನನ್ನ ಮೇಲೆ ಭಾರ ಹಾಕಿ ಕಳುಹಿಸಿಕೊಟ್ಟಳು. ದಾರಿಯನ್ನು ಗೊತ್ತುಮಾಡಿದವನು ನಾನು. ನಕಾಶೆಯ ಮೇಲೆ ದಾರವಿಟ್ಟು ಅಳೆದೆ. ಸುಮಾರು ೫೦ ಕಿಲೋಮೀಟರಾಯಿತು. ಗಂಟೆಗೆ ೧೫ ಕಿಲೋಮೀಟರಿನಂತೆ ಭಾಗಿಸಿದೆ. ಮೂರೂವರೆ ಗಂಟೆಗಿಂತ ಕಡಿಮೆ ಬಂತು. ಹುಡುಗನ ಶಾಲೆ ಮುಗಿದ ಮೇಲೆ ಹನ್ನೆರಡಕ್ಕೆ ಹೊರಟರೂ ನಾಲ್ಕರೊಳಗಾಗಿ ಊರು ಸೇರಿ, ಯೋಗಾನರಸಿಂಹಸ್ವಾಮಿಯ ಬೆಟ್ಟದ ಮೇಲಿಂದ ಸೂರ್ಯಾಸ್ತವನ್ನು ನೋಡಬಹುದೆಂದು ಲೆಕ್ಕ ಹಾಕಿದೆ. ಪಾಂಡವಪುರದಿಂದ ಆಚೆಗೆ ದೊಡ್ಡ ರಸ್ತೆಯನ್ನು ಬಿಟ್ಟು, ನಕಾಶೆಯಲ್ಲಿ ಚುಕ್ಕಿಗೆರೆಯಾಗಿ ಕಾಣುತ್ತಿದ್ದ ಒಂದು ಬಂಡಿ ಜಾಡನ್ನು ಆರಿಸಿಕೊಂಡೆ. ಅದು ಹತ್ತಿರದ ದಾರಿಯಾಗಿಯೂ ಇತ್ತು, ನೋಟಕ್ಕೆ ರಮ್ಯವಾಗಿಯೂ ಇರುವುದೆಂದು ತೋರಿತು.

ನಡೆದದ್ದೇ ಬೇರೆ. ಆ ವರ್ಷ ಹಿಂಗಾರು ಚೆನ್ನಾಗಿ ಆಗಿದ್ದುದರಿಂದ ಒಂದು ಕೆರೆಯ ಹಿನ್ನೀರು ನಮ್ಮ ಜಾಡನ್ನು ಮುಚ್ಚಿಕೊಂಡಿತ್ತು, ಹಿಂದಿರುಗಿ ಸುತ್ತಬೇಕಾಯಿತು. ಸುತ್ತಿದ ದಾರಿಯಲ್ಲಿ ಜಾಲಿಮುಳ್ಳು ಚುಚ್ಚಿ ಎರಡು ಟ್ಯೂಬುಗಳು ಪಂಕ್ಚರಾದುವು. ಹೊತ್ತು ಮುಳುಗಿದಾಗ ಏರು ಇನ್ನೂ ಮುಂದೆಯೇ ಇತ್ತು. ಹುಡುಗನು ‘ಮಾವ, ಇನ್ನೆಷ್ಟು ದೂರ?’ ಎಂದು ಕೇಳಿದನು. ‘ಇನ್ನು ಸ್ವಲ್ಪ’ ಎಂದೆ. ಅರ್ಧ ಗಂಟೆಯ ಮೇಲೆ ಮತ್ತೆ ಕೇಳಿದನು; ಮತ್ತೆ ‘ಇನ್ನು ಸ್ವಲ್ಪ’ ಎಂದೆ. ಮೂರನೆಯ ಸಲವೂ ಅದೇ ಉತ್ತರ. ಅನಂತರ ಅವನು ಕೇಳಲಿಲ್ಲ. ಕತ್ತಲಲ್ಲಿ ಬೈಸಿಕಲ್ಲನ್ನು ತಳ್ಳಿಕೊಂಡು ಸುಮ್ಮನೆ ಬರುತ್ತಿದ್ದನು. ಅವನ ಆ ಮೌನವು ಯಾವ ದೂರಿಗಿಂತಲೂ ಹೆಚ್ಚಾಗಿ ನನ್ನನ್ನು ನೋಯಿಸಿತು. ನನಗೆ ನಿಜವಾದ ಉತ್ತರವು ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ.

ದಾರಿಯ ಪಕ್ಕದ ಒಂದು ಮನೆಯ ಮುಂದೆ ದೀಪ ಕಂಡಿತು. ಜಗಲಿಯ ಮೇಲೆ ಕುಳಿತಿದ್ದ ಮುದುಕಿಯೊಬ್ಬಳು ಹುಡುಗನ ಮುಖವನ್ನು ನೋಡಿ, ‘ಏನಪ್ಪಾ, ಓದಿದೋರ ಹಂಗೆ ಕಾಣ್ತೀರಿ, ಈ ಮಗೀನ್ ಕಟ್ಕೊಂಡು ಇಷ್ಟೊತ್ನಲ್ಲಿ ಬೆಟ್ಟ ಹತ್ತೀರಾ?’ ಎಂದಳು. ಮುದ್ದೆಯನ್ನೂ ಮಜ್ಜಿಗೆಯನ್ನೂ ಕೊಟ್ಟು, ಜಗಲಿಯ ಮೇಲೆ ಚಾಪೆ ಹಾಸಿಸಿದಳು. ಮಾರನೆಯ ದಿನ ನಾವು ಬಸ್ಸಿನ ಮೇಲೆ ಬೈಸಿಕಲ್ಲುಗಳನ್ನು ಹಾಕಿಕೊಂಡು ಹಿಂದಿರುಗಿದೆವು. ಹುಡುಗನು ಅನಂತರ ಎರಡು ವರ್ಷ ನನ್ನೊಡನೆ ಬೈಸಿಕಲ್ ಹತ್ತಲಿಲ್ಲ.

ಈ ಉಪನ್ಯಾಸದ ಸಾರವೆಲ್ಲವೂ ಆ ಹುಡುಗನ ಪ್ರಶ್ನೆಯಲ್ಲಿ ಅಡಗಿದೆ. ಪ್ರಯಾಣದ ಯಾವ ಘಟ್ಟದಲ್ಲಿಯೇ ಆಗಲಿ, ಜೊತೆಯಲ್ಲಿರುವವರ ಪೈಕಿ ಎಲ್ಲರಿಗಿಂತ ನಿಶ್ಶಕ್ತರಾದವರು ‘ಇನ್ನೆಷ್ಟು?’ ಎಂದು ಕೇಳಿದರೆ ಅವರಿಗೆ ದಿಟವಾದ ಉತ್ತರವನ್ನು ಕೊಡಲು ಸಾಧ್ಯವಾಗಬೇಕು. ಹಾಗೆ ಕೊಡಬಲ್ಲವನೇ ದಾರಿಯನ್ನು ಸರಿಯಾಗಿ ಗೊತ್ತುಮಾಡಿದವನು. ಅದಕ್ಕೆ ಬೇಕಾದ ತಿಳಿವಳಿಕೆಯು ಯಾವುದೆಂಬುದನ್ನು ಈಗ ಒಂದೊಂದಾಗಿ ನೋಡೋಣ.

ಮೊದಲನೆಯದು ಏರಿನ ಲೆಕ್ಕ. ಬಯಲು ಸೀಮೆಯಲ್ಲಿ ದೂರವೇ ದಾರಿಯ ಅಳತೆ. ಗುಡ್ಡಗಾಡಿನಲ್ಲಿ ಏರೇ ಅಳತೆ. ಸವಾರನೂ ಬೈಸಿಕಲ್ಲೂ ಗಂಟುಮೂಟೆಯೂ ಸೇರಿ ೮೦ ಕಿಲೋಗ್ರಾಮ್ ತೂಕವೆಂದು ಇಟ್ಟುಕೊಳ್ಳಿ. ಇಷ್ಟು ತೂಕವನ್ನು ೧೦೦ ಮೀಟರು ಎತ್ತರಕ್ಕೆ ಏರಿಸಲು ಸುಮಾರು ೭೮,೦೦೦ ಜೂಲ್‌ಗಳಷ್ಟು ಕೆಲಸವಾಗಬೇಕು. ವಿಶೇಷ ಅಭ್ಯಾಸವಿಲ್ಲದ ಆರೋಗ್ಯವಂತನು ಗಂಟೆಗಟ್ಟಲೆ ನಿಲ್ಲಿಸದೆ ಸುಮಾರು ೧೦೦ ವಾಟ್‌ನಷ್ಟು ಶಕ್ತಿಯನ್ನು ಕೊಡಬಲ್ಲನು. ಭಾಗಿಸಿ ನೋಡಿದರೆ, ನೂರು ಮೀಟರು ಏರುವುದಕ್ಕೆ ೧೩ ನಿಮಿಷ ಹಿಡಿಯುತ್ತದೆ. ಗಾಳಿಗೂ ನೆಲದ ಎಳೆತಕ್ಕೂ ಸ್ವಲ್ಪ ಸೇರಿಸಿ, ನೂರು ಮೀಟರಿಗೆ ಕಾಲು ಗಂಟೆಯೆಂದು ನೆನಪಿಟ್ಟುಕೊಂಡರೆ ಸಾಕು. ಬಯಲಿನ ವೇಗದಿಂದ ಲೆಕ್ಕ ಹಾಕಿದ ಹೊತ್ತಿಗೆ, ಪ್ರತಿ ನೂರು ಮೀಟರು ಏರಿಗೆ ಕಾಲು ಗಂಟೆಯಂತೆ ಕೂಡಿಸಬೇಕು. ಪಾದಚಾರಿಗಳಿಗೆ ಇಂಥದೇ ಒಂದು ನಿಯಮವನ್ನು ಸ್ಕಾಟ್ಲೆಂಡಿನ ಪರ್ವತಾರೋಹಿಯಾದ ವಿಲಿಯಂ ನೈಸ್ಮಿತ್ ಎಂಬಾತನು ೧೮೯೨ರಲ್ಲಿಯೇ ಹೇಳಿದನು: ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆ.

ಏರಿನ ಮೊತ್ತದಂತೆಯೇ ಅದರ ಕಡಿದನ್ನೂ ನೋಡಬೇಕು. ಅದೇ ಸವಾರನು ನೂರಕ್ಕೆ ಐದರಂತೆ ಏರುವ ದಾರಿಯಲ್ಲಿ ಗಂಟೆಗೆ ಎಂಟು ಒಂಬತ್ತು ಕಿಲೋಮೀಟರು ಹೋಗಬಲ್ಲನು. ನೂರಕ್ಕೆ ಹತ್ತರಂತೆ ಏರಿದರೆ ಅವನ ವೇಗವು ನಾಲ್ಕೂವರೆ ಕಿಲೋಮೀಟರಿಗೆ ಇಳಿಯುತ್ತದೆ. ಇದು ನಡಿಗೆಯ ವೇಗ. ಅಂಥ ಕಡೆ ಇಳಿದು ತಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಆದರೆ ಎಲ್ಲಿ ತಳ್ಳಬೇಕಾಗುವುದೆಂಬುದು ಮೊದಲೇ ತಿಳಿದಿರಬೇಕು.

ಇದನ್ನು ನಕಾಶೆಯಿಂದ ಓದುವುದು ಹೇಗೆ? ೧೭೬೭ರಲ್ಲಿ ಸ್ಥಾಪಿತವಾದ ಭಾರತೀಯ ಸರ್ವೇಕ್ಷಣ ಇಲಾಖೆಯವರ ಹಾಳೆಗಳನ್ನು ನೀವು ನೋಡಿರಬಹುದು. ಹಿಂದಿನ ಹಾಳೆಗಳಲ್ಲಿ ಒಂದು ಮೈಲಿಗೆ ಒಂದು ಅಂಗುಲದ ಪ್ರಮಾಣವಿತ್ತು. ಈಗಿನವುಗಳಲ್ಲಿ ೧:೫೦,೦೦೦, ಎಂದರೆ ಒಂದು ಕಿಲೋಮೀಟರಿಗೆ ಎರಡು ಸೆಂಟಿಮೀಟರು. ಇವುಗಳಲ್ಲಿ ಕಂದುಬಣ್ಣದ ಸಣ್ಣ ಗೆರೆಗಳು ಹಾವಿನಂತೆ ಸುತ್ತಿಕೊಂಡು ಹೋಗುತ್ತವೆ. ಒಂದೊಂದು ಗೆರೆಯೂ ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಸ್ಥಳಗಳನ್ನು ಕೂಡಿಸುವುದರಿಂದ ಅವಕ್ಕೆ ಸಮೋನ್ನತಿ ರೇಖೆಗಳೆಂದು ಹೆಸರು. ನಮ್ಮ ಸೀಮೆಯ ಹಾಳೆಗಳಲ್ಲಿ ಒಂದು ರೇಖೆಗೂ ಮುಂದಿನದಕ್ಕೂ ಎತ್ತರದಲ್ಲಿ ೨೦ ಮೀಟರು ಅಂತರ. ನಿಮ್ಮ ದಾರಿಯು ಇಂಥ ಎರಡು ರೇಖೆಗಳನ್ನು ದಾಟುವ ಎಡೆಯಲ್ಲಿ ಅವುಗಳ ನಡುವೆ ೮ ಮಿಲಿಮೀಟರು ಇದ್ದರೆ, ಅದು ನೆಲದ ಮೇಲೆ ೪೦೦ ಮೀಟರು. ಏರು ನೂರಕ್ಕೆ ಐದು. ೪ ಮಿಲಿಮೀಟರಾದರೆ ನೂರಕ್ಕೆ ಹತ್ತು. ಅದಕ್ಕಿಂತಲೂ ಒತ್ತಾಗಿದ್ದರೆ ತಳ್ಳುವುದಕ್ಕೆ ಸಿದ್ಧರಾಗಿರಿ.

ಇಲ್ಲಿ ಎರಡು ಮೋಸಗಳುಂಟು. ಹೊರಟ ಊರಿನ ಎತ್ತರವನ್ನು ಸೇರುವ ಊರಿನ ಎತ್ತರದಿಂದ ಕಳೆದು, ಉಳಿದುದೇ ಏರೆಂದು ಭಾವಿಸುವುದು ಮೊದಲನೆಯದು. ಮೈಸೂರು ಸಮುದ್ರಮಟ್ಟದಿಂದ ಸುಮಾರು ೭೭೦ ಮೀಟರಿನಲ್ಲಿದೆ. ಕಾವೇರಿಯನ್ನು ದಾಟುವ ಶ್ರೀರಂಗಪಟ್ಟಣವು ಸುಮಾರು ೬೮೦ ಮೀಟರಿನಲ್ಲಿದೆ. ಉತ್ತರಕ್ಕೆ ಹೊರಟವನು ಬೆಳಗಿನ ತಂಪಿನಲ್ಲಿ ಸುಖವಾಗಿ ಇಳಿಯುತ್ತಾನೆ. ಆದರೆ ಆ ತೊಂಬತ್ತು ಮೀಟರು ಸಾಲ ಮಾಡಿದಂತೆ, ಮುಂದೆ ತೀರಿಸಲೇಬೇಕು. ಎರಡನೆಯದು ರೇಖೆಗಳ ನಡುವೆ ಅಡಗಿರುವ ಹಳ್ಳದಿಣ್ಣೆಗಳು. ಹದಿನೈದು ಮೀಟರು ಆಳದ ಹಳ್ಳವೊಂದು ಎರಡು ರೇಖೆಗಳ ನಡುವೆ ಪೂರ್ತಿಯಾಗಿ ಮರೆಯಾಗಿಬಿಡಬಹುದು. ಅಂಥವು ಹತ್ತನ್ನು ದಾಟಿದರೆ ನಕಾಶೆಯಲ್ಲಿ ಕಾಣದ ೧೫೦ ಮೀಟರು ಏರನ್ನು ಕಾಲುಗಳು ಕಂಡಿರುತ್ತವೆ. ನಮ್ಮ ಮೈದಾನದ ಸೀಮೆಯ ಓಣಿಗಳು ಹಳ್ಳದಿಂದ ಹಳ್ಳಕ್ಕೆ ಇಳಿದೇರುವಂಥವಾದುದರಿಂದ ಈ ಅಂಶವನ್ನು ಮರೆಯಬಾರದು.

ಕೈಯಲ್ಲಿರುವ ದೂರವಾಣಿಯೇ ಏರನ್ನು ಕೂಡಿಸಿ ಹೇಳುವಾಗ ಈ ತೊಡಕೇಕೆಂದು ಕೆಲವರು ಕೇಳಬಹುದು. ಆ ಯಂತ್ರವು ಬಹಳ ಉಪಕಾರಿ, ನಾನೂ ಉಪಯೋಗಿಸುತ್ತೇನೆ. ಆದರೆ ಅದರ ಲೆಕ್ಕದ ಮೂಲವನ್ನು ತಿಳಿದಿರಬೇಕು. ೨೦೦೦ದ ಫೆಬ್ರವರಿಯಲ್ಲಿ ಅಮೆರಿಕದ ‘ಎಂಡೆವರ್’ ಎಂಬ ಆಕಾಶನೌಕೆಯು ರೇಡಾರಿನ ಸಹಾಯದಿಂದ ಭೂಮಿಯ ಬಹುಭಾಗದ ಎತ್ತರಗಳನ್ನು ಅಳೆಯಿತು. ಇಂಥ ನಕಾಶೆಗಳಲ್ಲಿ ಅನೇಕವು ಆ ಅಳತೆಯನ್ನೇ ಆಧಾರವಾಗಿ ಇಟ್ಟುಕೊಂಡಿವೆ. ಅದರಲ್ಲಿ ನೆಲವನ್ನು ಸುಮಾರು ಮೂವತ್ತು ಮೀಟರಿನ ಚೌಕಗಳಾಗಿ ವಿಂಗಡಿಸಿ ಒಂದೊಂದು ಚೌಕಕ್ಕೆ ಒಂದೊಂದು ಎತ್ತರವನ್ನು ಕೊಟ್ಟಿದೆ. ಮರದ ತುದಿಯೂ ಬಂಡೆಯ ಇಳಿಜಾರೂ ಆ ಅಂಕಿಯಲ್ಲಿ ಬೆರೆಯುತ್ತವೆ. ಬೆಟ್ಟದ ಪಕ್ಕದಲ್ಲಿ ಕೊರೆದ ಸಮನಾದ ರಸ್ತೆಯು ಯಂತ್ರಕ್ಕೆ ಹಾರಿಬೀಳುವಂತೆ ತೋರುವುದು. ಕಿರಿದಾದ ಹಳ್ಳವು ತೋರದೆಯೇ ಹೋಗುವುದು. ಆದುದರಿಂದ ಒಂದೇ ದಾರಿಗೆ ಎರಡು ಯಂತ್ರಗಳು ಎರಡು ಮೊತ್ತಗಳನ್ನು ಹೇಳಿದರೆ ಆಶ್ಚರ್ಯಪಡಬೇಕಾಗಿಲ್ಲ. ಹೆಚ್ಚಿನ ಮೊತ್ತವನ್ನು ನಂಬಿ ಹೊರಟವನಿಗೆ ನಷ್ಟವಿಲ್ಲ.

ಈ ಚಿಂತೆಗಳು ಇಂದು ಹುಟ್ಟಿದುವಲ್ಲ. ೧೮೮೮ರಲ್ಲಿ ಡನ್ಲಪ್ ಎಂಬಾತನು ಬೆಲ್‌ಫಾಸ್ಟಿನಲ್ಲಿ ಗಾಳಿ ತುಂಬಿದ ಟೈರನ್ನು ಪ್ರಚಾರಕ್ಕೆ ತಂದ ಕೆಲವೇ ವರ್ಷಗಳಲ್ಲಿ, ಸ್ಕಾಟ್ಲೆಂಡಿನ ಹ್ಯಾರಿ ಇಂಗ್ಲಿಸ್ ಎಂಬಾತನು ರಸ್ತೆಗಳ ಏರಿಳಿತಗಳನ್ನು ಗೆರೆಗಳಲ್ಲಿ ಚಿತ್ರಿಸಿ ತೋರಿಸುವ ಕೈಪಿಡಿಗಳನ್ನು ಬೈಸಿಕಲ್ ಸವಾರರಿಗಾಗಿ ಅಚ್ಚುಮಾಡಿಸಿದನು. ಫ್ರಾನ್ಸಿನ ಸಾಂತ್-ಎತಿಯೆನ್ ಪಟ್ಟಣದ ಪಾಲ್ ದ ವಿವೀ ಎಂಬ ಮಹನೀಯನು ‘ವೆಲೋಸಿಯೋ’ ಎಂಬ ಹೆಸರಿನಿಂದ ಪತ್ರಿಕೆಯೊಂದನ್ನು ನಡೆಸುತ್ತ, ಬೆಟ್ಟಗಳಲ್ಲಿ ಸಂಚರಿಸುವವರಿಗೆ ಹಲವು ಗೇರುಗಳು ಆವಶ್ಯಕವೆಂದು ೧೯೩೦ರಲ್ಲಿ ತೀರಿಕೊಳ್ಳುವವರೆಗೂ ಸಾರುತ್ತಿದ್ದನು. ಪಂದ್ಯಗಾರರು ಅದನ್ನು ಹೆಂಗಸರಿಗೂ ಮುದುಕರಿಗೂ ತಕ್ಕದ್ದೆಂದು ಹಾಸ್ಯ ಮಾಡುತ್ತಿದ್ದರು. ಫ್ರಾನ್ಸಿನ ಸುಪ್ರಸಿದ್ಧವಾದ ಪ್ರದಕ್ಷಿಣ ಪಂದ್ಯದಲ್ಲಿ ಗೇರು ಬದಲಾಯಿಸುವ ಸಾಧನಕ್ಕೆ ಅನುಮತಿ ದೊರೆತದ್ದು ೧೯೩೭ರಲ್ಲಿ. ಹಸಿವಾಗುವುದಕ್ಕೆ ಮುಂಚೆ ತಿನ್ನುವುದು, ಬಾಯಾರುವುದಕ್ಕೆ ಮುಂಚೆ ಕುಡಿಯುವುದು, ಬರಿಯ ಪ್ರತಿಷ್ಠೆಗಾಗಿ ಪೆಡಲು ತುಳಿಯದಿರುವುದು, ಇವು ಅವನ ಬೋಧನೆಯ ಮುಖ್ಯಾಂಶಗಳು. ಆ ಮೂರನ್ನೂ ನಾನು ಆ ಶನಿವಾರ ಮೀರಿದ್ದೆನೆಂದು ಬೇರೆಯಾಗಿ ಹೇಳಬೇಕಾಗಿಲ್ಲ.

ಏರಿನ ಲೆಕ್ಕವಾದ ಮೇಲೆ ನೆಲದ ವಿಚಾರ. ನಕಾಶೆಯಲ್ಲಿ ಒಂದೇ ಬಗೆಯ ಗೆರೆಯಾಗಿ ಕಾಣುವ ಹಾದಿಗಳು ಗಾಲಿಗೆ ನಾನಾ ಬಗೆಯಾಗಿರುತ್ತವೆ. ಚೆನ್ನಾಗಿ ಗಟ್ಟಿಸಿದ ಗರಸಿನ ರಸ್ತೆಯು ಡಾಂಬರಿನಷ್ಟೇ ಹಿತವಾಗಿರಬಹುದು. ಹೊಸದಾಗಿ ಹರವಿದ ಜಲ್ಲಿಯ ಮೇಲೆ ಹಿಂದಿನ ಗಾಲಿಯು ಜಾರುವುದು. ಕೆಮ್ಮಣ್ಣು ಮಳೆಯಾದ ಮರುದಿನವೇ ಒಣಗಿ ದಾರಿ ಕೊಡುವುದು. ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಬೈಸಿಕಲ್ಲನ್ನು ಹೆಗಲ ಮೇಲೆ ಹೊರುವಂತೆ ಮಾಡುವುದು. ಹೊಲಗಳ ಅಂಚಿನಲ್ಲಿ ಜಾಲಿಮುಳ್ಳು, ಕಾಲುದಾರಿಯಲ್ಲಿ ನೆಗ್ಗಿಲುಮುಳ್ಳು ಕಾದಿರುತ್ತವೆ. ಸುಗ್ಗಿಯ ಕಾಲದಲ್ಲಿ ರೈತರು ರಾಗಿಯನ್ನೂ ಹುರುಳಿಯನ್ನೂ ಒಕ್ಕಣೆಗಾಗಿ ರಸ್ತೆಯ ಮೇಲೆಯೇ ಹರಡುವುದುಂಟು. ಕಬ್ಬಿನ ಗಾಡಿಗಳು ಓಡಾಡುವ ದಿನಗಳಲ್ಲಿ ಮಂಡ್ಯದ ಸೀಮೆಯ ಓಣಿಗಳು ಕೆಸರಿನಿಂದಲೂ ಕಬ್ಬಿನ ಸೋಗೆಯಿಂದಲೂ ಜಾರುತ್ತಿರುತ್ತವೆ. ಒಂದೇ ಹಾದಿಯು ಯುಗಾದಿಯಲ್ಲಿ ಒಂದು ಬಗೆ, ದೀಪಾವಳಿಯಲ್ಲಿ ಇನ್ನೊಂದು ಬಗೆ. ಆದುದರಿಂದ ‘ಆ ದಾರಿ ಹೇಗಿದೆ?’ ಎಂಬುದಕ್ಕಿಂತ ‘ಈ ತಿಂಗಳಲ್ಲಿ ಆ ದಾರಿ ಹೇಗಿದೆ?’ ಎಂದು ಕೇಳಬೇಕು.

ಇಂಥ ನೆಲಕ್ಕೆ ಅಗಲವಾದ ಟೈರು ಲೇಸು. ಇಲ್ಲೊಂದು ವಿನೋದವುಂಟು. ಗರಸಿನ ಹಾದಿಗೆಂದೇ ಈಚೆಗೆ ಮಾರಾಟಕ್ಕೆ ಬಂದಿರುವ ಬೆಲೆಯುಳ್ಳ ಬೈಸಿಕಲ್ಲುಗಳ ಟೈರಿನ ಅಗಲ ಸುಮಾರು ೪೦ ಮಿಲಿಮೀಟರು. ನಮ್ಮ ಹಾಲಿನವರೂ ಟಪ್ಪಾಲಿನವರೂ ತಲೆಮಾರುಗಳಿಂದ ತುಳಿದ ಕರಿಯ ಬೈಸಿಕಲ್ಲಿನ ೨೮ × ೧½ ಅಂಗುಲದ ಟೈರೂ ಹೆಚ್ಚು ಕಡಿಮೆ ಅಷ್ಟೇ ಅಗಲ. ಹಳ್ಳಿಯ ಹಾದಿಗೆ ಯಾವುದು ತಕ್ಕದ್ದೆಂದು ಅವರಿಗೆ ಮೊದಲೇ ತಿಳಿದಿತ್ತು. ಆ ಬೈಸಿಕಲ್ಲಿನ ಕೊರತೆ ಗೇರಿನದು. ಪೆಡಲನ್ನು ಒಂದು ಸುತ್ತು ತುಳಿದರೆ ಗಾಲಿಯು ಸಾಮಾನ್ಯವಾಗಿ ಎರಡೂವರೆ ಸುತ್ತಿನಷ್ಟು ತಿರುಗುತ್ತದೆ. ಏರಿನಲ್ಲಿ ಇದು ಭಾರ. ಮುಂದಿನ ಹಲ್ಲುಗಳೂ ಹಿಂದಿನ ಹಲ್ಲುಗಳೂ ಸಮನಾಗಿ, ಒಂದು ಸುತ್ತಿಗೆ ಒಂದೇ ಸುತ್ತು ತಿರುಗುವ ಗೇರು ಒಂದಿದ್ದರೆ ನೂರಕ್ಕೆ ಏಳೆಂಟರ ಏರನ್ನೂ ಕುಳಿತೇ ಹತ್ತಬಹುದು. ಗೇರಿಲ್ಲದವರು ಅಂಥ ಏರುಗಳನ್ನು ನಡಿಗೆಯ ಲೆಕ್ಕದಲ್ಲಿ ಹಿಡಿದುಕೊಂಡರಾಯಿತು.

ಗುಡ್ಡಗಾಡಿನಲ್ಲಿ ಏರನ್ನು ತಪ್ಪಿಸುವ ಉಪಾಯಗಳೂ ಉಂಟು. ನೀರಾವರಿಯ ನಾಲೆಯು ಅವುಗಳಲ್ಲಿ ಒಂದು. ನೀರು ಏರನ್ನು ಹತ್ತಲಾರದು; ಆದುದರಿಂದ ನಾಲೆಯನ್ನು ತೋಡುವ ಇಂಜಿನಿಯರು ಸಮೋನ್ನತಿ ರೇಖೆಯನ್ನು ಹಿಡಿದೇ, ಕಣ್ಣಿಗೆ ಕಾಣದಷ್ಟು ಇಳುಕಲಿನಲ್ಲಿ ಅದನ್ನು ಕೊಂಡೊಯ್ಯಬೇಕು. ಅದರ ಏರಿಯ ಮೇಲಿನ ಹಾದಿಯೂ ಅಷ್ಟೇ ಸಮನಾಗಿರುತ್ತದೆ. ಕೃಷ್ಣರಾಜಸಾಗರದ ಎಡದಂಡೆಯಿಂದ ಹೊರಟು ಪಾಂಡವಪುರದ ಸೀಮೆಯಲ್ಲಿ ಹರಿಯುವ, ಮೊದಲು ಇರ್ವಿನ್ ಕಾಲುವೆಯೆಂದು ಹೆಸರಾಗಿದ್ದ ವಿಶ್ವೇಶ್ವರಯ್ಯ ನಾಲೆಯನ್ನು ನಕಾಶೆಯಲ್ಲಿ ಬೆರಳಿನಿಂದ ಹಿಂಬಾಲಿಸಿ ನೋಡಿ. ಸಮೋನ್ನತಿ ರೇಖೆಯ ಪಾಠವು ತಾನಾಗಿಯೇ ತಿಳಿಯುವುದು. ಆದರೆ ಎಚ್ಚರಿಕೆಯೂ ಬೇಕು. ನಾಲೆಯ ಅಂಚಿಗೆ ಅನೇಕ ಕಡೆ ತಡೆಗೋಡೆಯಿಲ್ಲ. ನೀರು ಆಳ, ದಡ ಜಾರು. ೨೦೧೮ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ಇದೇ ನಾಲೆಗೆ ಉರುಳಿ ಮೂವತ್ತು ಮಂದಿ ಪ್ರಾಣ ಕಳೆದುಕೊಂಡರೆಂಬುದನ್ನು ಮರೆಯಬಾರದು. ಇಂಥ ಹಾದಿಯಲ್ಲಿ ಹಗಲು ಹೊತ್ತಿನಲ್ಲಿ ಮಾತ್ರ, ಒಬ್ಬರ ಹಿಂದೊಬ್ಬರಾಗಿ, ನಾಲೆಗೆ ದೂರವಾದ ಮಗ್ಗುಲಿನಲ್ಲಿ ಹೋಗತಕ್ಕದ್ದು. ಸಣ್ಣ ಮಕ್ಕಳನ್ನು ಕರೆದೊಯ್ಯತಕ್ಕದ್ದಲ್ಲ.

ಎತ್ತಿನ ಗಾಡಿಯ ಹಳೆಯ ರಸ್ತೆಯು ಇನ್ನೊಂದು ಉಪಾಯ. ಹೊರೆ ತುಂಬಿದ ಗಾಡಿಯನ್ನು ಎತ್ತುಗಳು ಎಳೆಯಬಲ್ಲ ಏರನ್ನು ಮನುಷ್ಯನೂ ಬೈಸಿಕಲ್ಲಿನ ಮೇಲೆ ಹತ್ತಬಲ್ಲನು. ಹಳ್ಳಿಯವರನ್ನು ‘ಎಷ್ಟು ದೂರ?’ ಎಂದು ಕೇಳಿದರೆ, ‘ಇಲ್ಲೇ ಒಂದು ಕೂಗಳತೆ’ ಎನ್ನುವರು. ಆ ಕೂಗಳತೆಯು ಒಂದು ಹರದಾರಿಯಾದರೂ ಆಗಬಹುದು. ಅದು ಸುಳ್ಳಲ್ಲ, ಬಳಲಿದವನಿಗೆ ಹೇಳುವ ಸಮಾಧಾನದ ಮಾತು. ಆದುದರಿಂದ ಪ್ರಶ್ನೆಯನ್ನು ಬದಲಾಯಿಸಬೇಕು. ‘ಹೊರೆಗಾಡಿ ಹತ್ತುತ್ತದೆಯೆ? ಬಸ್ಸು ಬರುತ್ತದೆಯೆ? ನಡುವೆ ಹಳ್ಳವಿದೆಯೆ, ಈಗ ಅದರಲ್ಲಿ ನೀರೆಷ್ಟು? ಕೆರೆ ತುಂಬಿದೆಯೆ?’ ಎಂದು ಕೇಳಿದರೆ ನಿಷ್ಕೃಷ್ಟವಾದ ಉತ್ತರಗಳು ಬರುತ್ತವೆ. ಈ ಕೊನೆಯ ಪ್ರಶ್ನೆಯೊಂದನ್ನು ಪಾಂಡವಪುರದ ಅಂಗಡಿಯಲ್ಲಿ ಕೇಳಿದ್ದರೆ ನಮಗೆ ಒಂದು ಗಂಟೆಯ ಹೊತ್ತು ಉಳಿಯುತ್ತಿತ್ತು.

ಹೋಗಬಾರದ ದಾರಿಗಳನ್ನೂ ತಿಳಿದಿರಬೇಕು. ೨೦೨೩ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಆ ವರ್ಷದ ಆಗಸ್ಟ್ ೧ರಿಂದ ನಿಧಾನವಾಗಿ ಚಲಿಸುವ ವಾಹನಗಳಿಗೆ ಪ್ರವೇಶವನ್ನು ನಿಷೇಧಿಸಲಾಯಿತು. ಬೈಸಿಕಲ್ಲಿನವರು ಪಕ್ಕದ ಸೇವಾ ರಸ್ತೆಯನ್ನು ಹಿಡಿಯಬೇಕು. ಮೇಲುಕೋಟೆಯ ಸುತ್ತಣ ಕಾಡಿನಲ್ಲಿ ಸುಮಾರು ಐವತ್ತು ಚದರ ಕಿಲೋಮೀಟರು ೧೯೭೪ರಿಂದ ವನ್ಯಧಾಮವಾಗಿದೆ. ತೋಳಗಳಿಗೆ ಅದು ಆಶ್ರಯ. ೧೯೭೨ರ ವನ್ಯಜೀವಿ ಸಂರಕ್ಷಣ ಕಾಯಿದೆಯ ಪ್ರಕಾರ ಇಂಥ ಧಾಮಗಳಲ್ಲಿ ಸಾರ್ವಜನಿಕ ರಸ್ತೆಯನ್ನು ಬಿಟ್ಟು ಒಳಹಾದಿಗಳಲ್ಲಿ ಹೋಗಬೇಕಾದರೆ ಅನುಮತಿ ಬೇಕು. ನಕಾಶೆಯಲ್ಲಿ ಗೆರೆ ಇದೆಯೆಂದ ಮಾತ್ರಕ್ಕೆ ಅದು ನಮ್ಮ ದಾರಿಯಾಗುವುದಿಲ್ಲ. ಫಾಲ್ಗುಣದಲ್ಲಿ ವೈರಮುಡಿ ಉತ್ಸವಕ್ಕೆ ಜನಸಾಗರವು ಸೇರುವ ದಿನಗಳಲ್ಲಿ ಆ ಕಡೆಯ ಓಣಿಗಳು ಭಕ್ತರಿಗೆ ಸೇರಿದುವು. ಬೈಸಿಕಲ್ಲಿಗೆ ಬೇರೆ ದಿನವನ್ನು ನೋಡಿಕೊಳ್ಳುವುದು ಮೇಲು.

ದಿಕ್ಕನ್ನೂ ಹೊತ್ತನ್ನೂ ಕುರಿತು ಎರಡು ಮಾತು. ಆಷಾಢದ ಗಾಳಿ ಪಡುವಣದಿಂದ ಬಲವಾಗಿ ಬೀಸುವುದು. ಆ ದಿನಗಳಲ್ಲಿ ಹೊಸ ಕಾಲಿನಲ್ಲಿ ಗಾಳಿಗೆ ಎದುರಾಗಿ ಹೋಗಿ, ದಣಿದ ಕಾಲಿನಲ್ಲಿ ಗಾಳಿಯೊಡನೆ ಹಿಂದಿರುಗುವಂತೆ ದಾರಿಯನ್ನು ಹೊಂದಿಸಬೇಕು. ಸುತ್ತುದಾರಿಯಾದರೆ ಗರಸಿನ ಹಾದಿಯಲ್ಲಿ ಏರಿ ಡಾಂಬರಿನ ರಸ್ತೆಯಲ್ಲಿ ಇಳಿಯುವುದು ಕ್ಷೇಮ. ಸಡಿಲವಾದ ಜಲ್ಲಿಯ ಮೇಲೆ ಇಳಿಯುವಾಗ ಬ್ರೇಕು ಹಿಡಿದರೂ ಬೈಸಿಕಲ್ಲು ನಿಲ್ಲುವುದೆಂದು ನಂಬುವಂತಿಲ್ಲ. ದೊಡ್ಡ ಏರುಗಳೆಲ್ಲವೂ ದಿನದ ಮೊದಲರ್ಧದಲ್ಲಿ ಬರಲಿ. ಹತ್ತು ಹನ್ನೆರಡು ಕಿಲೋಮೀಟರಿಗೊಮ್ಮೆಯಾದರೂ ಬಸ್ಸಿನ ರಸ್ತೆಯನ್ನು ಸೇರುವ ಒಂದು ಕವಲಿರಲಿ. ಮನಸ್ಸು ಬದಲಾಯಿಸಿದವರಿಗೆ ಹಿಂದಿರುಗುವ ಬಾಗಿಲು ತೆರೆದಿರಬೇಕು. ಡಿಸೆಂಬರಿನಲ್ಲಿ ನಮ್ಮ ಕಡೆ ಹೊತ್ತು ಮುಳುಗುವುದು ಸುಮಾರು ಆರು ಗಂಟೆಗೆ. ನಮ್ಮ ಸೀಮೆಯ ಮುಸ್ಸಂಜೆಯು ಬಲು ಚಿಕ್ಕದು. ಸೂರ್ಯಾಸ್ತಕ್ಕೆ ಎರಡು ಗಂಟೆ ಮುಂಚಿತವಾಗಿ ತಂಗುದಾಣವನ್ನು ಸೇರುವಂತೆ ಲೆಕ್ಕವಿರಬೇಕು. ಆ ಎರಡು ಗಂಟೆಗಳು ಪಂಕ್ಚರಿಗೂ ತುಂಬಿದ ಕೆರೆಗೂ ಮೀಸಲು.

ಈ ನಿಯಮಗಳನ್ನು ಹಿಡಿದು ನನ್ನ ಹಳೆಯ ಲೆಕ್ಕವನ್ನು ಮತ್ತೊಮ್ಮೆ ಹಾಕಿ ನೋಡಿದೆ. ಹುಡುಗನ ವೇಗವು ಹಳ್ಳಿಯ ಹಾದಿಯಲ್ಲಿ ಗಂಟೆಗೆ ೧೨ ಕಿಲೋಮೀಟರು. ೫೦ ಕಿಲೋಮೀಟರಿಗೆ ನಾಲ್ಕು ಗಂಟೆ ಹತ್ತು ನಿಮಿಷ. ಹಳ್ಳದಿಣ್ಣೆಗಳನ್ನು ಸೇರಿಸಿ ಏರು, ನಾನು ಎಣಿಸಿದಂತೆ, ಸುಮಾರು ೬೦೦ ಮೀಟರು. ಅದಕ್ಕೆ ಒಂದೂವರೆ ಗಂಟೆ. ವಿಶ್ರಾಂತಿಗೂ ಆಹಾರಕ್ಕೂ ಒಂದು ಗಂಟೆ. ಒಟ್ಟು ಆರು ಗಂಟೆ ನಲವತ್ತು ನಿಮಿಷ. ಮಧ್ಯಾಹ್ನ ಹನ್ನೆರಡಕ್ಕೆ ಹೊರಟವರು, ಮುಳ್ಳು ಚುಚ್ಚದಿದ್ದರೂ, ಕೆರೆ ಅಡ್ಡವಾಗದಿದ್ದರೂ, ಆರು ನಲವತ್ತಕ್ಕೆ ಕತ್ತಲಲ್ಲಿಯೇ ಊರು ಸೇರುತ್ತಿದ್ದರು. ಅಷ್ಟು ದಿನ ನಾನು ಮುಳ್ಳನ್ನೂ ಕೆರೆಯನ್ನೂ ದೂರುತ್ತಿದ್ದೆ. ಕತ್ತಲೆಯನ್ನು ನಾನೇ ಮೇಜಿನ ಮೇಲೆ ಬರೆದಿಟ್ಟು ಹೊರಟಿದ್ದೆನೆಂದು ಆಗ ತಿಳಿಯಿತು.

ಎರಡು ವರ್ಷಗಳ ಮೇಲೆ ಸೋದರಳಿಯನನ್ನು ಮತ್ತೆ ಕರೆದೆ. ‘ಈ ಸಲ ದಾರಿಯ ಲೆಕ್ಕವನ್ನು ನೀನೇ ಪರೀಕ್ಷಿಸು’ ಎಂದು ನಕಾಶೆಯನ್ನೂ ಪೆನ್ಸಿಲನ್ನೂ ಅವನ ಮುಂದೆ ಇಟ್ಟೆ. ಅವನು ನನ್ನ ಕೂಡಿಕೆಯಲ್ಲಿ ಎರಡು ರೇಖೆಗಳು ಬಿಟ್ಟುಹೋಗಿದ್ದುದನ್ನು ಕಂಡುಹಿಡಿದನು. ಸ್ವಲ್ಪ ಬಳಸಾದರೂ ಸೌಮ್ಯವಾದ, ೬೦ ಕಿಲೋಮೀಟರಿನ ದಾರಿಯನ್ನು ಆರಿಸಿಕೊಂಡೆವು. ಅದಕ್ಕೆ ಮುಂಚೆ ಒಂದು ಭಾನುವಾರ ನಾನೊಬ್ಬನೇ ಬಸ್ಸಿನಲ್ಲಿ ಹೋಗಿ, ಸಂದೇಹವಿದ್ದ ಎರಡು ಓಣಿಗಳನ್ನು ನಡೆದು ನೋಡಿಬಂದೆ. ಒಂದು ಕಾಗದದ ಚೀಟಿಯಲ್ಲಿ ಊರುಗಳ ಹೆಸರು, ಅಲ್ಲಿಂದ ಮುಂದೆ ಉಳಿಯುವ ದೂರ, ಉಳಿಯುವ ಏರು, ನೀರು ದೊರೆಯುವ ಎಡೆ, ಅಲ್ಲಿಗೆ ಸೇರಬೇಕಾದ ಹೊತ್ತು, ಇವನ್ನು ಬರೆದು ಅವನ ಜೇಬಿನಲ್ಲಿ ಇಟ್ಟೆ. ಆ ಚೀಟಿಯು ಮುಂದಾಳಿನ ಕೈಯಲ್ಲಿ ಇರುವುದಕ್ಕಿಂತ ಹಿಂದೆ ಬರುವವನ ಜೇಬಿನಲ್ಲಿ ಇರುವುದು ಮುಖ್ಯ.

ಬೆಳಗ್ಗೆ ಆರಕ್ಕೆ ಹೊರಟೆವು. ಶ್ರೀರಂಗಪಟ್ಟಣದ ಸೇತುವೆಯ ಮೇಲೆ ನಿಂತು ನದಿಯನ್ನು ನೋಡಿದೆವು. ಕುಂತಿಬೆಟ್ಟದ ಬಂಡೆಗಳ ಕೆಳಗೆ ತಿಂಡಿ ತಿಂದೆವು. ರಾಮಾನುಜಾಚಾರ್ಯರ ಹೆಸರಿನೊಡನೆ ಸೇರಿರುವ ತೊಣ್ಣೂರಿನ ಕೆರೆಯ ತಿಳಿನೀರಿನ ಬಳಿ ಅರ್ಧ ಗಂಟೆ ವಿಶ್ರಮಿಸಿಕೊಂಡೆವು. ಕಡೆಯ ಏರಿನ ಬುಡದಲ್ಲಿ ನನಗೇ ಉಸಿರು ಕಟ್ಟಿದಂತಾಗಿ, ‘ಇನ್ನೆಷ್ಟು ಇದೆಯೋ?’ ಎಂದೆ. ಹುಡುಗನು ಚೀಟಿಯನ್ನು ತೆಗೆದು ನೋಡಿ ಉಳಿದ ಕಿಲೋಮೀಟರುಗಳನ್ನೂ ಮೀಟರುಗಳನ್ನೂ ಓದಿ ಹೇಳಿ, ‘ಕಡಿದಾದ ಕಡೆ ತಳ್ಳೋಣ ಮಾವ, ಹೊತ್ತಿದೆ’ ಎಂದನು. ಎರಡು ಗಂಟೆ ಹೊಡೆದು ಸ್ವಲ್ಪ ಹೊತ್ತಿಗೆ ಕಲ್ಯಾಣಿಯ ಮೆಟ್ಟಲ ಮೇಲೆ ಕುಳಿತು ಪುಳಿಯೋಗರೆಯನ್ನು ತಿನ್ನುತ್ತಿದ್ದೆವು. ಆ ಸಂಜೆ ಬೆಟ್ಟದ ಮೇಲಿಂದ ಸೂರ್ಯಾಸ್ತವನ್ನೂ ನೋಡಿದೆವು.

ಮಾರನೆಯ ದಿನ ಹಿಂದಿರುಗುವಾಗ ಬೇಕೆಂದೇ ಆ ಹಳೆಯ ಜಗಲಿಯ ದಾರಿಯಲ್ಲಿ ಬಂದೆವು. ಮುದುಕಿಯು ಇದ್ದಳು. ಹುಡುಗನು ಉದ್ದವಾಗಿ ಬೆಳೆದಿದ್ದುದರಿಂದ ಮೊದಲು ಗುರುತು ಹಿಡಿಯಲಿಲ್ಲ. ಹಿಡಿದ ಮೇಲೆ ನನ್ನ ಕಡೆಗೆ ತಿರುಗಿ, ‘ಈ ಸಲ ಹೊತ್ತಿದ್ದಂಗೇ ಬಂದ್ರಾ?’ ಎಂದು ಮಾತ್ರ ಕೇಳಿದಳು. ಹೌದೆಂದು ಹೇಳುವುದಕ್ಕೆ ನನಗೆ ಬಹಳ ಸಂತೋಷವಾಯಿತು.

ಶ್ರೋತೃಗಳೆ, ನಿಮ್ಮ ಊರಿನ ಸುತ್ತಲೂ ಗುಡ್ಡಗಳಿರಬಹುದು, ಓಣಿಗಳಿರಬಹುದು. ನಕಾಶೆಯನ್ನು ತೆರೆಯಿರಿ, ರೇಖೆಗಳನ್ನು ಎಣಿಸಿರಿ, ಜೊತೆಗೆ ಬರುವವರಲ್ಲಿ ಎಲ್ಲರಿಗಿಂತ ನಿಧಾನವಾದವರ ಮುಖವನ್ನು ನೆನೆದು ಹೊತ್ತನ್ನು ಗೊತ್ತುಮಾಡಿರಿ. ಅವರು ಕೇಳುವ ಪ್ರಶ್ನೆಗೆ ಉತ್ತರವು ಸಿದ್ಧವಾಗಿದ್ದರೆ ಹೊರಡಿರಿ. ನಿಮ್ಮ ದಾರಿ ಸುಗಮವಾಗಲಿ.